ಆಚಂದ್ರಾರ್ಕ ಬೇಡ ಮಾಷ್ಟ್ರೇ, ಹತ್ತು ವರ್ಷ ಸಾಕು

ಸಂಪಾದಕರಿಗೆ ನಮಸ್ಕಾರ. ನನ್ನ ವಾಸ ಬದಿಯಡ್ಕದ ಸಮೀಪ. ಕನ್ನಡ ಶಾಲೆಯಲ್ಲಿ ಅಧ್ಯಾಪಕನಾಗಿದ್ದೆ, ನಿವೃತ್ತನಾಗಿ ಬಹಳ ಕಾಲವಾಯಿತು. ಈಗ ವೀಲುನಾಮೆ (ಉಯಿಲು) ಬರೆಯುವ ಯೋಚನೆ. ಮನೆ, ತೋಟ ಮಗನಿಗೂ ಮಗಳಿಗೂ. ಬ್ಯಾಂಕಿನಲ್ಲಿರುವ ಹತ್ತು ಲಕ್ಷವನ್ನು ಮಾತ್ರ ‘ಕಾಸರಗೋಡಿನ ಕನ್ನಡ ಸಂಸ್ಕೃತಿಯ ಉಳಿವಿಗಾಗಿ’ ಇಡಬೇಕೆಂದಿದ್ದೇನೆ. ಅಸಲು ಮುಟ್ಟದೆ, ಬಡ್ಡಿಯಲ್ಲಿ ವರ್ಷಕ್ಕೊಂದು ದತ್ತಿ ಉಪನ್ಯಾಸ, ಒಂದು ಪ್ರಶಸ್ತಿ, ತೀರಿಹೋದ ನನ್ನ ಹೆಂಡತಿಯ ಹೆಸರಿನಲ್ಲಿ ಎಂದೆಂದಿಗೂ ನಡೆಯಬೇಕು. ಅಟ್ಟದಲ್ಲಿರುವ ಅಜ್ಜನ ಕಾಲದ ತಾಡೋಲೆ, ಕೈಬರಹದ ಯಕ್ಷಗಾನ ಪ್ರಸಂಗಗಳು ಮಕ್ಕಳಿಗೆ ಸಮಪಾಲು. ಮಗಳು ಒಪ್ಪಿದ್ದಾಳೆ. ಮಗ, ‘ಊರಿಗೆ ಕೊಡುವ ಮೊದಲು ಮೊಮ್ಮಕ್ಕಳ ಫೀಸು ನೋಡಿ’ ಎನ್ನುತ್ತಾನೆ. ಮಕ್ಕಳ ಅನ್ನ ಕಸಿದ ಹಾಗಾಗುತ್ತದೆಯೇ?
(ದೀರ್ಘ ಪತ್ರದ ಸಾರ. ಹೆಸರು ಬೇಡವೆಂದಿದ್ದಾರೆ.)

ಮಾಷ್ಟ್ರೇ, ನಮಸ್ಕಾರ.

ನಿಮ್ಮ ಮಗನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಅವನು ಹೇಳಿದ್ದು ತಪ್ಪಲ್ಲ. ಈಗಿನ ಕಾಲೇಜಿನ ಫೀಸು ಕಟ್ಟಿದವರಿಗೆ ಅವನ ಸಂಕಟ ಗೊತ್ತು. ಆದರೆ ಮನೆಯೂ ತೋಟವೂ ಅವರಿಬ್ಬರಿಗೇ ಹೋಗುವಾಗ, ಪೆನ್ಶನಿನಲ್ಲಿ ಉಳಿಸಿದ ಹಣವನ್ನು ನೀವು ಎಲ್ಲಿಗೆ ಕೊಟ್ಟರೂ ಯಾರ ಅನ್ನವೂ ಹೋಗುವುದಿಲ್ಲ. ಅಡಕೆಗೆ ಒಳ್ಳೆಯ ರೇಟು ಬಂದ ವರ್ಷ ಈ ಮಾತನ್ನು ಅವನ ಕಿವಿಗೆ ಹಾಕಿ.

ಕಾನೂನಿನ ತೊಡಕೂ ಹೆಚ್ಚಿಲ್ಲ. ಸ್ವಂತ ಸಂಪಾದನೆಯನ್ನು ಹಿಂದೂ ಆದವನು ಯಾರಿಗೆ ಬೇಕಾದರೂ ಬರೆದಿಡಬಹುದು. ಕುಟುಂಬದ ಆಸ್ತಿಯಾದರೆ ತನ್ನ ಪಾಲು ಎಷ್ಟೋ ಅಷ್ಟು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಸೆಕ್ಷನಿನಲ್ಲಿ ತಾಯಿಯ ಕಡೆಯಿಂದ ಆಸ್ತಿ ಹರಿಯುವ ಅಳಿಯಸಂತಾನದವರ ‘ಕುಟುಂಬ’, ‘ಕವರು’ (ಕುಟುಂಬದ ಕವಲು) ಎಂಬ ನಮ್ಮ ಮಾತುಗಳೇ ಇವೆ. ದೆಹಲಿಯವರು ನಮ್ಮನ್ನು ನೆನೆದ ಅಪರೂಪದ ಜಾಗ ಅದು. ಮುಸ್ಲಿಂ ಓದುಗರು ಸಾಲ, ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಪಾಲನ್ನು ವಾರೀಸುದಾರರ ಒಪ್ಪಿಗೆಯಿಲ್ಲದೆ ದಾನಕ್ಕೆ ಬರೆಯಬಹುದು. ಕ್ರೈಸ್ತರಿಗೆ ಮೊದಲು ಒಂದು ವಿಚಿತ್ರ ಕಟ್ಟಳೆಯಿತ್ತು. ಅಣ್ಣತಮ್ಮಂದಿರ, ಅಕ್ಕತಂಗಿಯರ ಮಕ್ಕಳು ಅಥವಾ ಅವರಿಗಿಂತ ಹತ್ತಿರದ ಸಂಬಂಧಿಗಳು ಇದ್ದವರು ಧರ್ಮಕಾರ್ಯಕ್ಕೆ ಬರೆದರೆ, ಬರೆದ ಮೇಲೆ ಕನಿಷ್ಠ ಹನ್ನೆರಡು ತಿಂಗಳು ಬದುಕಿರಬೇಕಾಗಿತ್ತು! ಕೇರಳದ ಪಾದ್ರಿಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದ ಮೇಲೆ 2003ರಲ್ಲಿ ಅದು ರದ್ದಾಯಿತು.

ಹಾಗಾಗಿ ಕೊಡುವ ಹಕ್ಕು ನಿಮಗೆ ಪೂರ್ತಿ ಉಂಟು, ಕೊಡುವ ಮನಸ್ಸಿಗೆ ಕೈಮುಗಿಯುತ್ತೇನೆ. ಜಗಳ ಇರುವುದು ಕೊಡುವ ರೀತಿಯ ಬಗ್ಗೆ.

‘ಕನ್ನಡ ಸಂಸ್ಕೃತಿಯ ಉಳಿವಿಗಾಗಿ’ ಎಂದು ಬರೆದು ಬಿಟ್ಟರೆ ಅದನ್ನು ಜಾರಿ ಮಾಡುವವರು ಯಾರು? 1899ರಲ್ಲಿ, ಆಗಿನ ಕೊನೆಯ ಮೇಲ್ಮನವಿಯ ಕೋರ್ಟಾದ ಲಂಡನಿನ ಪ್ರಿವಿ ಕೌನ್ಸಿಲಿನ ಮುಂದೆ ಇಂಥದೇ ಒಂದು ಮೊಕದ್ದಮೆ ಬಂದಿತ್ತು. ಮುಂಬಯಿ ಕಡೆಯವರೊಬ್ಬರು ಆಸ್ತಿಯನ್ನು ‘ಧರಮ್’ಗೆ ಎಂದು ಬರೆದಿಟ್ಟಿದ್ದರು. ಧರ್ಮ ಎಂದರೆ ಏನೂ ಆಗಬಹುದು, ಇದು ಅಸ್ಪಷ್ಟ, ಊರ್ಜಿತವಲ್ಲ ಎಂದುಬಿಟ್ಟರು ಲಂಡನಿನ ನ್ಯಾಯಾಧೀಶರು. ಧರ್ಮಕ್ಕೇ ಆ ಗತಿಯಾದರೆ ಸಂಸ್ಕೃತಿಯ ಪಾಡೇನು? ಇಷ್ಟು ಹಣ, ಈ ಸಂಸ್ಥೆಗೆ, ಈ ಕೆಲಸಕ್ಕೆ ಎಂದು ಬರೆಯಿರಿ. ಸಂಸ್ಥೆಯ ರಿಜಿಸ್ಟ್ರೇಶನ್ ನಂಬರನ್ನೂ ಸೇರಿಸಿ. ನೀವು ಕಣ್ಣುಮುಚ್ಚುವ ಮೊದಲೇ ಆ ಸಂಸ್ಥೆ ಕಣ್ಣುಮುಚ್ಚಿದರೆ ಯಾರಿಗೆ ಹೋಗಬೇಕು ಎಂಬುದೂ ಇರಲಿ.

ಇನ್ನು ನಿಮ್ಮ ‘ಎಂದೆಂದಿಗೂ’. ನನ್ನ ಸಿಟ್ಟೆಲ್ಲ ಆ ಒಂದು ಪದದ ಮೇಲೆ.

ನಮ್ಮ ಶಾಸನಗಳಲ್ಲಿ ದಾನವೆಂದರೆ ಆಚಂದ್ರಾರ್ಕ, ಸೂರ್ಯಚಂದ್ರರಿರುವ ತನಕ. ದತ್ತಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪಶ್ಲೋಕವೂ ಕಲ್ಲಿನ ಕೊನೆಗೆ ಇರುತ್ತದೆ. ಕಳ್ಳನಿಗೇನೋ ಆ ಶಾಪ ತಟ್ಟೀತು. ಹಣದುಬ್ಬರಕ್ಕೆ ತಟ್ಟುವುದುಂಟೇ? 1990ರ ದಶಕದ ಮಧ್ಯದಲ್ಲಿ ಬ್ಯಾಂಕು ಠೇವಣಿಗೆ ಶೇ. 12ರ ಬಡ್ಡಿ ಕೊಡುತ್ತಿದ್ದ ಕಾಲ. ಆಗ 25 ಸಾವಿರದ ದತ್ತಿಯಿಟ್ಟವರು ವರ್ಷಕ್ಕೆ 3 ಸಾವಿರ ಬರುತ್ತದೆ, ಒಂದು ಸಭೆ ಮರ್ಯಾದೆಯಿಂದ ನಡೆಯುತ್ತದೆ ಎಂದು ಲೆಕ್ಕಹಾಕಿದ್ದರು. ಲೆಕ್ಕ ಸರಿಯೇ ಇತ್ತು. ಶೇ. 6.5ರಲ್ಲಿ ಅದೇ ಹಣಕ್ಕೆ ಬರುವುದು 1,625 ರೂಪಾಯಿ. ಮೈಕ್‌ನವನಿಗೆ ಕೊಟ್ಟರೆ ಶಾಲಿಗೆ ಇಲ್ಲ, ಶಾಲು ತಂದರೆ ಉಪನ್ಯಾಸಕರ ಬಸ್ಸಿಗೆ ಇಲ್ಲ. ಹೀಗಾಗಿ ದತ್ತಿಗಳನ್ನೆಲ್ಲ ಒಂದೇ ಸಂಜೆಗೆ ಕಟ್ಟಿಹಾಕಿದ ಒಂದು ಸಭೆಗೆ ನಾನು ಹೋಗಿದ್ದೆ. ದಾನಿಗಳ ಹೆಸರು, ಅವರ ತಂದೆತಾಯಿಯ ಹೆಸರು, ಮನೆತನದ ಹೆಸರು ಓದಿ ಮುಗಿಯುವಷ್ಟರಲ್ಲಿ ಕೊನೆಯ ಬಸ್ಸಿನ ಹೊತ್ತಾಗಿ, ಉಪನ್ಯಾಸಕರು ‘ಪ್ರಬಂಧವನ್ನು ಮಂಡಿಸಲಾಗಿದೆ ಎಂದು ಭಾವಿಸಿ’ ಎಂದು ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡರು.

ಜಾಗ ಬರೆದಿಟ್ಟರೆ ಶಾಶ್ವತವಲ್ಲವೇ ಎಂದು ಕೇಳುವವರು ನಮ್ಮ ಎಡನೀರು ಮಠದ ಕಡೆ ನೋಡಬೇಕು. ಭಕ್ತರು, ಅರಸರು ತಲೆತಲಾಂತರದಿಂದ ಕೊಟ್ಟ ಭೂಮಿ ಮಠದ್ದಾಗಿತ್ತು. ಕೇರಳದ ಭೂಸುಧಾರಣೆ ಬಂದಾಗ ಮಠದ ಕೇಶವಾನಂದ ಭಾರತೀ ಸ್ವಾಮಿಗಳು ದೆಹಲಿಯ ಸುಪ್ರೀಂ ಕೋರ್ಟಿನ ತನಕ ಹೋದರು. 1973ರ ಏಪ್ರಿಲ್ 24ರಂದು ಹದಿಮೂರು ನ್ಯಾಯಾಧೀಶರು ಏಳಕ್ಕೆ ಆರರ ತೀರ್ಪು ಕೊಟ್ಟು ಸಂವಿಧಾನದ ಮೂಲಸ್ವರೂಪವನ್ನು ಕಾಪಾಡಿದರು. ದೇಶಕ್ಕೆ ಅಷ್ಟು ದೊಡ್ಡ ಉಪಕಾರವಾಯಿತು, ಮಠ ಕೇಳಿದ ಪರಿಹಾರ ಮಾತ್ರ ಮಠಕ್ಕೆ ಸಿಗಲಿಲ್ಲ. ಉಳುವವನಿಗೆ ಭೂಮಿ ಹೋದದ್ದರ ಬಗ್ಗೆ ನನ್ನ ತಕರಾರಿಲ್ಲ. ‘ಎಂದೆಂದಿಗೂ’ ಎಂದು ಬರೆದ ಕೈಗಳಿಗೆ ಮುಂದಿನ ಕಾನೂನು ಕಾಣುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ನೀವು ಓದಿದವರು, ಮದರಾಸಿನ ದಾನಿ ಪಚ್ಚೈಯಪ್ಪ ಮೊದಲಿಯಾರರ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಬಹುದು. ನಾವೂ ಮದರಾಸು ಪ್ರಾಂತ್ಯದವರೇ ಆಗಿದ್ದೆವಲ್ಲ. ಅವರು ತೀರಿಹೋದದ್ದು 1794ರಲ್ಲಿ. ಅವರ ಹೆಸರು ಹೊತ್ತ ಕಾಲೇಜು ಚೆನ್ನೈಯಲ್ಲಿ ಇಂದಿಗೂ ಇದೆ, ಒಪ್ಪಿದೆ. ಆದರೆ ನಡುವೆ ಆದದ್ದೇನು? ಅವರು ದೇವಸ್ಥಾನಗಳ ಸೇವೆಗೂ ಧರ್ಮಕ್ಕೂ ಎಂದು ಬಿಟ್ಟ ಹಣ ಸಂಬಂಧಿಕರ ಕೈಯಲ್ಲಿ, ಕೋರ್ಟಿನ ಕಡತಗಳಲ್ಲಿ ದಶಕಗಟ್ಟಲೆ ಸಿಕ್ಕಿಬಿತ್ತು. ಜಾರ್ಜ್ ನಾರ್ಟನ್ ಎಂಬ ಅಡ್ವೊಕೇಟ್ ಜನರಲ್ ಬೆನ್ನುಹತ್ತಿದ ಮೇಲೆ, ಬೆಳೆದು ನಿಂತಿದ್ದ ಮೊತ್ತದಿಂದ 1842ರಲ್ಲಿ ಶಾಲೆ ತೆರೆಯಿತು. 48 ವರ್ಷ! ಲಕ್ಷಗಟ್ಟಲೆ ವರಾಹ ಬಿಟ್ಟುಹೋದವರ ಹಿಂದೆ ಅಡ್ವೊಕೇಟ್ ಜನರಲ್ ಬರುತ್ತಾನೆ. ನಿಮ್ಮ ಹತ್ತು ಲಕ್ಷದ ಹಿಂದೆ ಯಾರು ಬರುತ್ತಾರೆ ಮಾಷ್ಟ್ರೇ? ಮಹಾರಾಷ್ಟ್ರದಲ್ಲಿ 1950ರ ಕಾಯ್ದೆಯಂತೆ ಟ್ರಸ್ಟುಗಳ ಲೆಕ್ಕ ಕೇಳುವ ಚಾರಿಟಿ ಕಮಿಷನರ್ ಉಂಟು. ಕೇರಳದಲ್ಲಿ ಅಂಥ ಏರ್ಪಾಡಿಲ್ಲ. ನಮ್ಮ ಮಲಬಾರ್ ಭಾಗದ ಸಂಘಗಳು ರಿಜಿಸ್ಟರ್ ಆಗುವುದು ಈಗಲೂ 1860ರ ಸೊಸೈಟಿ ರಿಜಿಸ್ಟ್ರೇಶನ್ ಕಾಯ್ದೆಯಡಿ. ಸಾರ್ವಜನಿಕ ದತ್ತಿಯ ಹಣ ಎಲ್ಲಿ ಹೋಯಿತೆಂದು ಕೇಳಬೇಕಾದರೆ ಅದರಲ್ಲಿ ಹಿತಾಸಕ್ತಿಯಿರುವ ಇಬ್ಬರಾದರೂ ಸೇರಿ, ಕೋರ್ಟಿನ ಅನುಮತಿ ಪಡೆದು, ಸಿವಿಲ್ ಪ್ರೊಸೀಜರ್ ಕೋಡಿನ 92ನೇ ಸೆಕ್ಷನಿನಡಿ ದಾವೆ ಹೂಡಬೇಕು. ಅಂಥ ಇಬ್ಬರು ನಿಮ್ಮ ಊರಿನಲ್ಲಿದ್ದರೆ ದತ್ತಿಯೇ ಬೇಡ, ಸಂಸ್ಕೃತಿ ತಾನಾಗಿ ಉಳಿಯುತ್ತದೆ.

ಅದಕ್ಕೇ ಹೇಳುತ್ತೇನೆ, ಅಸಲನ್ನು ಮುಟ್ಟಿ. ಮುಟ್ಟಿ ಮುಗಿಸಿ. ಹತ್ತು ಲಕ್ಷವನ್ನು ಶೇ. 6.5ಕ್ಕೆ ಇಟ್ಟು ಬಡ್ಡಿ ಮಾತ್ರ ತೆಗೆದರೆ ವರ್ಷಕ್ಕೆ 65 ಸಾವಿರ, ಅದೂ ವರ್ಷವರ್ಷ ಸವೆಯುವ 65 ಸಾವಿರ. ಹತ್ತು ವರ್ಷದಲ್ಲಿ ಅಸಲೂ ಬಡ್ಡಿಯೂ ತೀರುವಂತೆ ತೆಗೆದರೆ ವರ್ಷಕ್ಕೆ 1 ಲಕ್ಷ 35 ಸಾವಿರದ ಮೇಲೆಯೇ ಸಿಗುತ್ತದೆ. ಈ ಹಣದಲ್ಲಿ ಓದಿದ ಹುಡುಗಿಯೊಬ್ಬಳಿಗೆ ವಾರಕ್ಕೆ ಎರಡು ಮೂರು ದಿನದ ಸಂಬಳ ಕೊಟ್ಟು ಪೆರ್ಲದಿಂದ ಮಂಜೇಶ್ವರದ ತನಕ ಮನೆಮನೆಯ ಅಟ್ಟ ಹತ್ತಿಸಿ, ಓಲೆ, ಪ್ರಸಂಗ, ಹಳೆಯ ಪತ್ರಗಳ ಪಟ್ಟಿ ಮಾಡಿಸಬಹುದು, ಫೋಟೋ ತೆಗೆಸಬಹುದು. ಒಂದು ಕನ್ನಡ ಶಾಲೆಯ ಮಕ್ಕಳಿಗೆ ಯಕ್ಷಗಾನದ ಹಿಮ್ಮೇಳ (ಹಾಡು, ಚೆಂಡೆ, ಮದ್ದಳೆ) ಕಲಿಸುವವರ ಸಂಭಾವನೆ ಕೊಡಬಹುದು. ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ವಯಸ್ಸಾದ ಅರ್ಥಧಾರಿಗಳನ್ನು ಕೂರಿಸಿ ರೆಕಾರ್ಡ್ ಮಾಡಬಹುದು. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ ಹೋದರು. ಅವರ ಮಾತಿನಲ್ಲಿ ಯಾರೋ ಪುಣ್ಯಾತ್ಮರು ಟೇಪಿಗೆ ಹಿಡಿದದ್ದು ಎಷ್ಟೋ ಅಷ್ಟೇ ಇವತ್ತಿನ ಹುಡುಗರಿಗೆ ದಕ್ಕುವುದು. ಅಂದು ಟೇಪು ಕೊಂಡವರು ‘ಅಸಲು ಕರಗೀತು’ ಎಂದು ಕುಳಿತಿದ್ದರೆ?

ನಮ್ಮವರಿಗೆ ಹಣ ಕರಗಿಸಲು ಬರುವುದಿಲ್ಲ ಎಂದಲ್ಲ. ದೇವಸ್ಥಾನದ ಬ್ರಹ್ಮಕಲಶೋತ್ಸವ ಬರಲಿ, ನೋಡಿ! ಚಪ್ಪರ, ಹೊರೆಕಾಣಿಕೆ, ಹೆದ್ದಾರಿಯುದ್ದಕ್ಕೂ ಫ್ಲೆಕ್ಸು. ಜೀರ್ಣೋದ್ಧಾರದ ಹೆಸರಿನಲ್ಲಿ ಮುರಕಲ್ಲಿನ ಹಳೆಯ ಗೋಡೆ, ಕೆತ್ತನೆಯ ಮರ ಕಿತ್ತು ಗ್ರಾನೈಟ್ ಹಾಕಿಸಿ, ಆ ಗ್ರಾನೈಟಿನ ಮೇಲೆ ದಾನಿಗಳ ಹೆಸರು ಕೊರೆಸುತ್ತೇವೆ. ದೇವರ ಕೆಲಸಕ್ಕೆ ನಾನು ವಿರೋಧಿಯಲ್ಲ, ಸೇವೆಯ ರಶೀದಿ ನನ್ನ ಮನೆಯಲ್ಲೂ ಇವೆ. ಆದರೆ ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ ಒಂದರಿಂದ ಇಂದಿನ ತನಕ ನಾವು ಹೇಳುತ್ತಿರುವುದು ಒಂದೇ ಮಾತು: ನಮಗೆ ಅನ್ಯಾಯವಾಯಿತು. ಆದದ್ದು ಹೌದು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರಿಗೆ (ಈಗಿನ ಕರ್ನಾಟಕಕ್ಕೆ) ಸೇರಬೇಕೆಂದು ಗಡಿ ವಿವಾದದ ಮಹಾಜನ ಆಯೋಗ 1967ರಲ್ಲಿ ಬರೆದುಕೊಟ್ಟದ್ದೂ ಹೌದು, ಅದು ಕಪಾಟಿನಲ್ಲಿ ಉಳಿದದ್ದೂ ಹೌದು. ತಿರುವನಂತಪುರ ಕೊಡಲಿಲ್ಲ, ಬೆಂಗಳೂರು ಕೇಳಲಿಲ್ಲ. ಸರಿ, ನಮ್ಮ ಊರಿನ ವೀಲುನಾಮೆಗಳನ್ನು ತಿರುವನಂತಪುರದವರು ಬರೆಯುತ್ತಾರೆಯೇ? ಅವುಗಳಲ್ಲಿ ಒಂದು ವಾಚನಾಲಯದ ಹೆಸರು, ಒಂದು ಮದ್ದಳೆ ತರಗತಿಯ ಹೆಸರು ಹುಡುಕಿ ತೋರಿಸಿ.

ಇನ್ನು ಅಟ್ಟದ ವಿಷಯ. ಹತ್ತು ಲಕ್ಷಕ್ಕಿಂತ ಇದೇ ದೊಡ್ಡದು, ನೀವು ಒಂದೇ ವಾಕ್ಯದಲ್ಲಿ ದಾಟಿಸಿದ್ದೀರಿ. ‘ಮಕ್ಕಳಿಗೆ ಸಮಪಾಲು’ ಎಂಬುದನ್ನು ದಯವಿಟ್ಟು ಹೊಡೆದುಹಾಕಿ. ನಾನು ಬಲ್ಲ ಒಂದು ಮನೆಯಲ್ಲಿ ಭಾಗವಾಗುವಾಗ ತಾಡೋಲೆಯ ಕಟ್ಟನ್ನೂ ಪಾಲು ಮಾಡಿದರು, ಅಣ್ಣತಮ್ಮಂದಿರು ಮೂವರು, ದಾರ ಬಿಚ್ಚಿ ಓಲೆ ಎಣಿಸಿ ಮೂರು ಪಾಲು. ಒಬ್ಬರ ಪಾಲು ದೇವರ ಕೋಣೆಯಲ್ಲಿ ಕುಂಕುಮ ತಿನ್ನುತ್ತಿದೆ. ಇನ್ನೊಬ್ಬರದು ಬೆಂಗಳೂರಿನ ಫ್ಲಾಟಿನ ಗೋಡೆಯಲ್ಲಿ ಗಾಜಿನ ಚೌಕಟ್ಟಿನೊಳಗೆ ಇದೆ, ಮೇಲಿನ ನಾಲ್ಕು ಓಲೆ ಮಾತ್ರ ಕಾಣುತ್ತದೆ. ಮೂರನೆಯವರಲ್ಲಿ ಕೇಳಿದರೆ ‘ಇಲ್ಲೇ ಎಲ್ಲೋ ಇತ್ತು’. ಕಾವ್ಯ ಯಾವುದೆಂದು ಹೇಳಲು ಇನ್ನು ಯಾರಿಂದಲೂ ಆಗದು. ಪುಂಡೂರಿನ ವೆಂಕಟರಾಜ ಪುಣಿಂಚತ್ತಾಯರು ಇಂಥ ಓಲೆಗಳನ್ನು ಹುಡುಕಿ, ತುಳು ಲಿಪಿ ಬಿಡಿಸಿ ಓದಿದ್ದರಿಂದಲ್ಲವೇ ತುಳುವಿಗೆ ಹಳೆಯ ಕಾವ್ಯ ಉಂಟೆಂದು ನಾವು ಎದೆಯುಬ್ಬಿಸಿದ್ದು? ನಿಮ್ಮ ಕಟ್ಟಿನಲ್ಲಿ ಏನಿದೆಯೋ!

ಅದನ್ನು ಇಡಿಯಾಗಿ ಒಂದೇ ಕಡೆಗೆ ಕೊಡಿ. ಮಂಜೇಶ್ವರದ ಗೋವಿಂದ ಪೈಗಳ ಪುಸ್ತಕಗಳು ಉಡುಪಿಯ ಎಂಜಿಎಂ ಕಾಲೇಜು ಸೇರಿದವು. ಅವರ ಹೆಸರಿನ ಸಂಶೋಧನ ಕೇಂದ್ರ ಅಲ್ಲಿ ನಡೆಯಿತು, ಆರು ಸಂಪುಟಗಳ ತುಳು ನಿಘಂಟು ಹೊರಬಂದದ್ದು ಆ ಕೇಂದ್ರದಿಂದ. ‘ನಮ್ಮ ರಾಷ್ಟ್ರಕವಿಯ ಪುಸ್ತಕ ಗಡಿ ದಾಟಿತು’ ಎಂದು ಕೊರಗುವವರಿದ್ದಾರೆ. ಓದುವವರಿದ್ದಲ್ಲಿಗೆ ಹೋಯಿತು, ಅಷ್ಟೆ. ಇಲ್ಲಿ ಮಳೆಗಾಲದ ತೇವಕ್ಕೂ ಒರಲೆಗೂ ಗಡಿಯ ಹಂಗಿಲ್ಲ.

ಒಂದೆರಡು ಕಾನೂನಿನ ಮಾತು ಇಲ್ಲಿ ಮುಖ್ಯ. 75 ವರ್ಷ ದಾಟಿದ, ಸಾಹಿತ್ಯದ ಅಥವಾ ಇತಿಹಾಸದ ಬೆಲೆಯುಳ್ಳ ಹಸ್ತಪ್ರತಿ 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರುತ್ತದೆ, ಲೈಸೆನ್ಸಿಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ವಿದೇಶಕ್ಕೆ ಸಾಗಿಸುವಂತಿಲ್ಲ. ನೀವೇ ಬರೆದ, ಅಚ್ಚಾಗದ ಪ್ರಸಂಗವೋ ಕವಿತೆಯೋ ಇದ್ದರೆ, ಹಸ್ತಪ್ರತಿಯನ್ನು ಯಾರಿಗೆ ಬರೆದಿಡುತ್ತೀರೋ ಕೃತಿಸ್ವಾಮ್ಯವೂ ಅವರಿಗೇ ಹೋಗುತ್ತದೆ, ಬೇರೆ ಉದ್ದೇಶವಿದ್ದರೆ ಉಯಿಲಿನಲ್ಲೇ ಹೇಳಬೇಕು. ಲೇಖಕ ಬದುಕಿದ್ದಾಗಲೇ ಅಚ್ಚಾದ ಕೃತಿಗೆ ಅವನು ತೀರಿದ ಮೇಲೆ 60 ವರ್ಷ ಈ ಹಕ್ಕು ಇರುತ್ತದೆ. 1963ರಲ್ಲಿ ತೀರಿಕೊಂಡ ಪೈಗಳು ತಮ್ಮ ಕಾಲದಲ್ಲೇ ಪ್ರಕಟಿಸಿದ್ದು 2024ರ ಜನವರಿಯಿಂದ ಎಲ್ಲರ ಸೊತ್ತು. ಯಾವ ಪ್ರಕಾಶಕರೂ ಯಾರ ಅನುಮತಿಯನ್ನೂ ಕೇಳದೆ ಅಚ್ಚು ಹಾಕಬಹುದು. ಎಷ್ಟು ಜನ ಹಾಕಿದ್ದಾರೆ ಎಂದು ಕೇಳಬೇಡಿ, ನನ್ನ ರಕ್ತದೊತ್ತಡ ಏರುತ್ತದೆ.

ಕೊಡುವವರ ಹಟ ಹೆಚ್ಚಾದರೂ ಕಷ್ಟ. ಬರ್ನಾರ್ಡ್ ಶಾ ತನ್ನ ಆಸ್ತಿಯ ಒಂದಂಶವನ್ನು ಇಂಗ್ಲಿಷಿಗೆ ಹೊಸ ಲಿಪಿ ಮಾಡಿಸುವುದಕ್ಕೆ ಮೀಸಲಿಟ್ಟ. ಇದು ಧರ್ಮಕಾರ್ಯವಲ್ಲ ಎಂದು 1957ರಲ್ಲಿ ಕೋರ್ಟು ತಳ್ಳಿಹಾಕಿತು. ಅದೇ ಉಯಿಲಿನಲ್ಲಿ ಬ್ರಿಟಿಷ್ ಮ್ಯೂಸಿಯಂ, ಲಂಡನಿನ ನಾಟಕ ಶಾಲೆ, ಡಬ್ಲಿನಿನ ಚಿತ್ರಶಾಲೆಗಳಿಗೆ ಉಳಿದದ್ದನ್ನು ಸುಮ್ಮನೆ ಹಂಚಿದ್ದ. ಶಾನ ಒಂದು ನಾಟಕ ಸಂಗೀತರೂಪಕವಾಗಿ ಜಗತ್ತು ಸುತ್ತಿದಾಗ ಆ ಮೂವರಿಗೂ ಹಣದ ಹೊಳೆ ಹರಿಯಿತು. ಹಾಗಾಗಿ ಸಂಸ್ಥೆಯನ್ನು ನೋಡಿ ಆರಿಸಿ. ಮೂರು ವರ್ಷದ ಆಡಿಟ್ ಲೆಕ್ಕ ಕೇಳಿ. ಕೊಡಲು ಮುಖ ಸಿಂಡರಿಸಿದರೆ ಎದ್ದು ಬನ್ನಿ. ಲೆಕ್ಕ ಸರಿ ಕಂಡರೆ ಕೆಲಸ ಹೇಳಿ, ಹಣ ಕೊಟ್ಟು, ಅವರ ಕೈ ಬಿಟ್ಟುಬಿಡಿ. ಶ್ರೀಮತಿಯವರ ಹೆಸರು ಆ ಪಟ್ಟಿಯ, ಆ ರೆಕಾರ್ಡಿನ ಮೊದಲ ಪುಟದಲ್ಲಿ ಬರಲಿ.

ಬರೆಯುವುದು ಸುಲಭ. ಸ್ಟಾಂಪು ಕಾಗದ ಬೇಡ, ಬಿಳಿ ಹಾಳೆ ಸಾಕು. ವಕೀಲರ ಭಾಷೆ ಬೇಡ, ನಿಮ್ಮ ಕನ್ನಡ ಸಾಕು. ನಿಮ್ಮ ಸಹಿಯನ್ನು ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳು ನಿಮ್ಮೆದುರೇ ಸಹಿ ಹಾಕಬೇಕು, ನಿಮಗಿಂತ ಕಿರಿಯರನ್ನೂ ಏನೂ ಪಡೆಯದವರನ್ನೂ ಆರಿಸಿ. ರಿಜಿಸ್ಟರ್ ಕಡ್ಡಾಯವಲ್ಲ, ಆದರೂ ಮಗನ ಮನಸ್ಸು ಹೀಗಿರುವಾಗ ಸಬ್‌ರಿಜಿಸ್ಟ್ರಾರರ ಕಚೇರಿಗೆ ಹೋಗಿ ಮಾಡಿಸಿಬಿಡಿ. ಬದುಕಿರುವ ತನಕ ಬದಲಾಯಿಸುವ ಹಕ್ಕು ನಿಮ್ಮದೇ. ಉಯಿಲನ್ನು ಜಾರಿಗೆ ತರುವ ಎಕ್ಸಿಕ್ಯೂಟರ್ ಆಗಿ ಮಗಳ ಹೆಸರು ಬರೆಯಿರಿ.

ಕೊನೆಗೆ, ನಮ್ಮ ಪತ್ರಿಕೆಗೂ ಐವತ್ತು ಸಾವಿರ ಬರೆದಿಡುವೆ ಎಂದು ಪತ್ರದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಸೇರಿಸಿದ್ದೀರಿ. ಬೇಡ ಮಾಷ್ಟ್ರೇ. ನಿಮ್ಮ ಆರೋಗ್ಯದ ವರದಿಯನ್ನೂ ನಮ್ಮ ಪತ್ರಿಕೆಯ ಲೆಕ್ಕಪತ್ರವನ್ನೂ ಒಟ್ಟಿಗೆ ನೋಡಿದರೆ, ಯಾರು ಯಾರಿಗೆ ಬರೆದಿಡಬೇಕೆಂಬ ಸಂಶಯ ಬರುತ್ತದೆ. ಚಂದಾ ಬಾಕಿಯೊಂದು ಉಂಟು ಎಂದು ಮೆನೇಜರರು ನೆನಪಿಸುತ್ತಿದ್ದಾರೆ. ಅದನ್ನು ಮಾತ್ರ ವೀಲುನಾಮೆಗೆ ಸೇರಿಸದೆ ಈ ತಿಂಗಳೇ ಮನಿಯಾರ್ಡರ್ ಮಾಡಿ.

— ಸಂ.