ಪ್ರಧಾನಿ ಹೇಳಿದ ಮೊತ್ತ ಬಜೆಟ್ಟಿನಲ್ಲಿ ಎಲ್ಲಿರುತ್ತದೆ?

ಕೇಂದ್ರ ಬಜೆಟ್ ಹಾಗೂ ಪ್ರಧಾನಿಯವರ ಘೋಷಣೆಗಳ ಬಗ್ಗೆ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಆಯ್ದು ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: 2020ರ ಮೇ 12ರ ರಾತ್ರಿ ಪ್ರಧಾನಿ ನರೇಂದ್ರ ಮೋದಿಯವರು 20 ಲಕ್ಷ ಕೋಟಿ ರೂಪಾಯಿಯ ಪ್ಯಾಕೇಜ್ ಪ್ರಕಟಿಸಿದರು. ಆ ವರ್ಷದ ಕೇಂದ್ರ ಬಜೆಟ್ಟಿನ ಗಾತ್ರವೇ ಸುಮಾರು 30 ಲಕ್ಷ ಕೋಟಿ. ಅಷ್ಟು ಹಣ ಇದ್ದಕ್ಕಿದ್ದಂತೆ ಎಲ್ಲಿಂದ ಬಂತು? (ಹಾಸನದ ಓದುಗರು)

ಉತ್ತರ: ಅಷ್ಟೂ ಹಣ ಸರ್ಕಾರದ ಬೊಕ್ಕಸದಿಂದ ಬರಬೇಕಾಗಿರಲಿಲ್ಲ. ರಿಸರ್ವ್ ಬ್ಯಾಂಕ್ ಕೈಗೊಂಡ ತೀರ್ಮಾನಗಳು ಮತ್ತು ಸರ್ಕಾರ ಈ ಮೊದಲೇ ಪ್ರಕಟಿಸಿದ್ದ ಕ್ರಮಗಳು ಈ ಮೊತ್ತದಲ್ಲಿ ಸೇರಿವೆ ಎಂದು ಪ್ರಧಾನಿಯವರು ಅದೇ ಭಾಷಣದಲ್ಲಿ ಹೇಳಿದ್ದರು. ಆದರೆ ಮರುದಿನ ಜನರ ಬಾಯಲ್ಲಿ ಉಳಿದದ್ದು ಒಟ್ಟು ಮೊತ್ತ ಮಾತ್ರ. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಮೇ 13ರಿಂದ 17ರವರೆಗೆ ದಿನವೂ ವಿವರ ನೀಡಿ, ಕೊನೆಯಲ್ಲಿ ಕೊಟ್ಟ ಲೆಕ್ಕದಂತೆ ಒಟ್ಟು 20,97,053 ಕೋಟಿ ರೂಪಾಯಿ. ಇದರಲ್ಲಿ 8,01,603 ಕೋಟಿ ರಿಸರ್ವ್ ಬ್ಯಾಂಕಿನ ಕ್ರಮಗಳದು. ಅಂದರೆ, ಬ್ಯಾಂಕುಗಳ ಕೈಯಲ್ಲಿ ಸಾಲ ಕೊಡಲು ಹೆಚ್ಚು ಹಣ ಇರುವಂತೆ ಮಾಡಿದ ವ್ಯವಸ್ಥೆ. ಅದು ಬಜೆಟ್ಟಿನ ಖರ್ಚಲ್ಲ.

ಇನ್ನೊಂದು ದೊಡ್ಡ ಭಾಗ ಸಣ್ಣ ಉದ್ದಿಮೆಗಳಿಗೆಂದು ಹೇಳಿದ 3 ಲಕ್ಷ ಕೋಟಿ. ಅಡಮಾನವಿಲ್ಲದೆ ಬ್ಯಾಂಕುಗಳು ಕೊಡುವ ಈ ಸಾಲಕ್ಕೆ ಕೇಂದ್ರ ಸರ್ಕಾರ ಪೂರ್ತಿ ಖಾತರಿ ನೀಡಿತು. ಪರಿಚಯದವರ ಬ್ಯಾಂಕ್ ಸಾಲಕ್ಕೆ ನೀವು ಜಾಮೀನು ಹಾಕಿದರೆ ಆ ಹಣ ನಿಮ್ಮ ಜೇಬಿನಿಂದ ಹೋಗುವುದಿಲ್ಲ, ಅವರು ಕಟ್ಟದಿದ್ದಾಗ ಮಾತ್ರ ನಿಮ್ಮ ತಲೆಯ ಮೇಲೆ ಬರುತ್ತದೆ, ಇದೂ ಹಾಗೆಯೇ. ವಿದ್ಯುತ್ ಸರಬರಾಜು ಕಂಪನಿಗಳಿಗೆಂದು ಹೇಳಿದ 90,000 ಕೋಟಿಯೂ ಸಾಲವೇ ಆಗಿತ್ತು.

ಬೊಕ್ಕಸದಿಂದಲೇ ಹೋಗುವ ಹಣ ಇರಲಿಲ್ಲವೆಂದಲ್ಲ. ನರೇಗಾಕ್ಕೆ ಹೆಚ್ಚುವರಿಯಾಗಿ 40,000 ಕೋಟಿ, ವಲಸೆ ಕಾರ್ಮಿಕರಿಗೆ ಎರಡು ತಿಂಗಳು ಉಚಿತ ಧಾನ್ಯ ಕೊಡಲು 3,500 ಕೋಟಿ ತೆಗೆದಿಡಲಾಯಿತು. ನರೇಗಾದ ಹಣ ನಿಜಕ್ಕೂ ಹಳ್ಳಿಗಳನ್ನು ತಲುಪಿತು: ಬಜೆಟ್ಟಿನಲ್ಲಿ 61,500 ಕೋಟಿ ಇದ್ದದ್ದು ಪರಿಷ್ಕೃತ ಅಂದಾಜಿನಲ್ಲಿ, ಅಂದರೆ ವರ್ಷದ ನಡುವೆ ತಿದ್ದಿದ ಲೆಕ್ಕದಲ್ಲಿ, 1,11,500 ಕೋಟಿಗೆ ಏರಿತು. ಊರಿಗೆ ಮರಳಿದ ಕೂಲಿಕಾರರಿಗೆ ಆ ವರ್ಷ ಇದಕ್ಕಿಂತ ದೊಡ್ಡ ಆಸರೆ ಇರಲಿಲ್ಲವೆಂದೇ ನನ್ನ ಅಭಿಪ್ರಾಯ. ಒಟ್ಟಾರೆ ಕೇಂದ್ರದ ಖರ್ಚು ಆ ವರ್ಷ 30.42 ಲಕ್ಷ ಕೋಟಿಯ ಅಂದಾಜಿನಿಂದ 35.10 ಲಕ್ಷ ಕೋಟಿಗೆ ಹೋಯಿತು. ಹೆಚ್ಚಿದ ಸುಮಾರು 4.7 ಲಕ್ಷ ಕೋಟಿಯಲ್ಲಿ ಭಾರತೀಯ ಆಹಾರ ನಿಗಮದ ಹಳೆಯ ಸಾಲ ತೀರಿಸಿದ ಹಣವೂ ಇದೆ. ಆದ್ದರಿಂದ 20 ಲಕ್ಷ ಕೋಟಿ ಎಂಬುದನ್ನು ಸುಳ್ಳು ಎನ್ನಲಾಗದು, ಸರ್ಕಾರದ ಖರ್ಚು ಎಂದೂ ಎನ್ನಲಾಗದು. ಸಾಲ, ಖಾತರಿ ಮತ್ತು ಖರ್ಚು ಮೂರನ್ನೂ ಕೂಡಿಸಿ ಒಂದೇ ಅಂಕಿಯಾಗಿ ಹೇಳುವ ಪದ್ಧತಿಯೇ ತಪ್ಪು. ನೊಂದು ಕುಳಿತ ಜನರ ಮುಂದೆ ಮೊತ್ತವನ್ನು ಹೇಳುವಾಗ ಅದರಲ್ಲಿ ಅವರ ಕೈಸೇರುವುದೆಷ್ಟು ಎಂಬುದನ್ನೂ ಹೇಳುವುದು ಸರ್ಕಾರದ ಕರ್ತವ್ಯ.

ಪ್ರಶ್ನೆ: ಕೆಂಪುಕೋಟೆಯಿಂದ ಪ್ರಧಾನಿ ಆಡಿದ ಮಾತು ಸರ್ಕಾರವನ್ನು ಕಟ್ಟಿಹಾಕುತ್ತದೆಯೆ? (ಧಾರವಾಡದ ಓದುಗರು)

ಉತ್ತರ: ಕಾನೂನಿನ ದೃಷ್ಟಿಯಲ್ಲಿ ಇಲ್ಲ. ಸಂವಿಧಾನದ 112ನೇ ವಿಧಿಯಂತೆ ವಾರ್ಷಿಕ ಹಣಕಾಸು ತಖ್ತೆಯನ್ನು, ಅಂದರೆ ಬಜೆಟ್ಟನ್ನು, ಸಂಸತ್ತಿನ ಮುಂದಿಡಬೇಕು, 113ರಂತೆ ಲೋಕಸಭೆ ಅನುದಾನದ ಬೇಡಿಕೆಗಳಿಗೆ (ಇಲಾಖೆಗಳು ಕೇಳುವ ಹಣಕ್ಕೆ) ಒಪ್ಪಬೇಕು, 114ರಂತೆ ಆ ಹಣ ತೆಗೆಯಲು ಅನುಮತಿಸುವ ಧನವಿನಿಯೋಗ ಮಸೂದೆ ಅಂಗೀಕಾರವಾಗಬೇಕು. ಅಲ್ಲಿಯವರೆಗೆ ಸರ್ಕಾರದ ಬೊಕ್ಕಸವಾದ ಸಂಚಿತ ನಿಧಿಯಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. ಸಚಿವರು ಸದನದೊಳಗೆ ಕೊಟ್ಟ ಮಾತಿಗೆ ಬೇರೆಯೇ ತೂಕವಿದೆ: ಅದನ್ನು ಸರ್ಕಾರಿ ಭರವಸೆಗಳ ಸಮಿತಿ ಬೆನ್ನು ಹತ್ತುತ್ತದೆ, ಸಾಮಾನ್ಯವಾಗಿ ಮೂರು ತಿಂಗಳೊಳಗೆ ಈಡೇರಿಸಬೇಕೆಂಬ ನಿಯಮವೂ ಇದೆ. ಕೆಂಪುಕೋಟೆಯ ಭಾಷಣಕ್ಕೆ ಅಂಥ ಕಾವಲಿಲ್ಲ.

ಒಂದು ಉದಾಹರಣೆ ನೋಡಿ. ಮೂಲಸೌಕರ್ಯಕ್ಕೆ 100 ಲಕ್ಷ ಕೋಟಿ ಹೂಡಲಾಗುವುದೆಂದು ಮೋದಿಯವರು 2019ರ ಆಗಸ್ಟ್ 15ರಂದು ಹೇಳಿದರು. ಅದೇ ಡಿಸೆಂಬರ್ 31ರಂದು ಹೊರಬಂದ 102 ಲಕ್ಷ ಕೋಟಿಯ ಯೋಜನಾಪಟ್ಟಿಯಲ್ಲಿ ಕೇಂದ್ರದ ಪಾಲು ಶೇ 39, ರಾಜ್ಯಗಳ ಪಾಲೂ ಶೇ 39, ಖಾಸಗಿಯವರದು ಶೇ 22 ಎಂದಿತ್ತು. ಹೂಡಿಕೆ ನಡೆಯಬೇಕಾದದ್ದು ಹಲವು ವರ್ಷಗಳಲ್ಲಿ. 2020ರ ಭಾಷಣದಲ್ಲಿ 110 ಲಕ್ಷ ಕೋಟಿ ಎಂದೂ, 2021ರಲ್ಲಿ ಗತಿಶಕ್ತಿ ಎಂಬ ಮೂಲಸೌಕರ್ಯ ಯೋಜನೆಯ ಹೆಸರಿನಲ್ಲಿ 100 ಲಕ್ಷ ಕೋಟಿ ಎಂದೂ ಕೇಳಿಬಂತು. ಇವನ್ನು ಮೂರು ಬೇರೆ ಬೇರೆ ಗಂಟುಗಳೆಂದು ಕೂಡಿಸಿದವರೂ ಇದ್ದಾರೆ. ಕೂಡಿಸಬಾರದು.

ಪ್ರಶ್ನೆ: ಭದ್ರಾ ಮೇಲ್ದಂಡೆಗೆ 5,300 ಕೋಟಿ ಎಂದು ಬಜೆಟ್ ಭಾಷಣದಲ್ಲೇ ಹೇಳಿದ್ದರಲ್ಲ. ಅದು ಬೀದಿಯ ಮಾತಲ್ಲವಷ್ಟೆ? (ಹೊಸದುರ್ಗದ ಓದುಗರು)

ಉತ್ತರ: ನಿಮ್ಮ ನೋವು ನ್ಯಾಯವಾದದ್ದು. 2023ರ ಫೆಬ್ರವರಿ 1ರಂದು, ರಾಜ್ಯ ವಿಧಾನಸಭಾ ಚುನಾವಣೆಗೆ ಮೂರು ತಿಂಗಳಿರುವಾಗ, ಕರ್ನಾಟಕದಿಂದಲೇ ರಾಜ್ಯಸಭೆಗೆ ಆಯ್ಕೆಯಾದ ಹಣಕಾಸು ಸಚಿವೆ ಲೋಕಸಭೆಯಲ್ಲಿ ಆ ನೆರವನ್ನು ಪ್ರಕಟಿಸಿದರು. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಸುಮಾರು 2.25 ಲಕ್ಷ ಹೆಕ್ಟೇರ್‌ಗೆ ಹನಿ ನೀರಾವರಿ ಒದಗಿಸುವ, ಕೆರೆಗಳನ್ನು ತುಂಬಿಸುವ ಯೋಜನೆಯದು. ಆದರೆ ಭಾಷಣದಲ್ಲಿದ್ದದ್ದು ನೆರವು ನೀಡಲಾಗುವುದು ಎಂಬ ಒಂದು ವಾಕ್ಯ. ಎಷ್ಟು ವರ್ಷಗಳಲ್ಲಿ, ಎಷ್ಟು ಕಂತುಗಳಲ್ಲಿ ಎಂಬುದು ಅಲ್ಲಿರಲಿಲ್ಲ. ಸದನ ಮತ ಹಾಕುವುದು ಅನುದಾನದ ಬೇಡಿಕೆಗಳಿಗೆ, ಭಾಷಣಕ್ಕಲ್ಲ. ಹಣ ಬಂದಿಲ್ಲವೆಂದು ರಾಜ್ಯ ಸರ್ಕಾರ ಮತ್ತೆ ಮತ್ತೆ ದೂರಿದೆ, ಹೊಣೆಯನ್ನು ಎರಡೂ ಕಡೆಯವರು ಪರಸ್ಪರ ಹೊರಿಸಿದ್ದಾರೆ. ನನ್ನ ದೃಷ್ಟಿಯಲ್ಲಿ ಬಜೆಟ್ ಭಾಷಣದಲ್ಲಿ ಒಂದು ಯೋಜನೆಯ ಹೆಸರನ್ನೂ ಮೊತ್ತವನ್ನೂ ಸ್ಪಷ್ಟವಾಗಿ ಹೇಳಿದ ಮೇಲೆ, ಅದು ಎಲ್ಲಿ ನಿಂತಿದೆ ಎಂಬುದನ್ನು ಮುಂದಿನ ಪ್ರತಿ ಬಜೆಟ್ಟಿನಲ್ಲೂ ಹೇಳಬೇಕಾದವರು ಹೇಳಿದವರೇ.

ಪ್ರಶ್ನೆ: ಪ್ರಧಾನಿಗಳೇ ಬಜೆಟ್ ಮಂಡಿಸಿದ್ದುಂಟೆ? ದೇವೇಗೌಡರು ಮಂಡಿಸಿದ್ದರೆ? (ಪುಣೆಯ ಓದುಗರು)

ಉತ್ತರ: ಹಣಕಾಸು ಖಾತೆ ತಮ್ಮಲ್ಲಿದ್ದ ಕಾರಣ ಜವಾಹರಲಾಲ್ ನೆಹರೂ 1958ರಲ್ಲಿ, ಇಂದಿರಾ ಗಾಂಧಿ 1970ರಲ್ಲಿ, ರಾಜೀವ್ ಗಾಂಧಿ 1987ರಲ್ಲಿ ಮಂಡಿಸಿದರು. ಉದ್ಯಮಿ ಹರಿದಾಸ್ ಮುಂದ್ರಾ ಅವರ ಕಂಪನಿಗಳಲ್ಲಿ ಜೀವ ವಿಮಾ ನಿಗಮದ ಹಣ ಹೂಡಿದ ಮುಂದ್ರಾ ಹಗರಣದಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟದ್ದರಿಂದ ಆ ಕೆಲಸ ನೆಹರೂ ಅವರಿಗೆ ಬಂತು. ಎಚ್.ಡಿ. ದೇವೇಗೌಡರ ಸರ್ಕಾರದ 1997ರ ಬಜೆಟ್ಟನ್ನು ಮಂಡಿಸಿದವರು ಪಿ. ಚಿದಂಬರಂ.

ಪ್ರಶ್ನೆ: ಘೋಷಿಸಿದ ಹಣ ಖರ್ಚಾಯಿತೇ ಎಂದು ನಮ್ಮಂಥವರು ತಿಳಿಯುವುದು ಹೇಗೆ? (ಸಾಗರದ ಓದುಗರು)

ಉತ್ತರ: ಬಜೆಟ್ ಭಾಷಣವನ್ನು ಬದಿಗಿಟ್ಟು ಇಲಾಖಾವಾರು ಖರ್ಚಿನ ಪುಸ್ತಕವನ್ನು ತೆರೆಯಿರಿ, ಹಣಕಾಸು ಸಚಿವಾಲಯದ ಬಜೆಟ್ ಜಾಲತಾಣದಲ್ಲಿ ಅದು ಎಲ್ಲರಿಗೂ ಸಿಗುತ್ತದೆ. ಪ್ರತಿ ಯೋಜನೆಯ ಎದುರು ನಾಲ್ಕು ಅಂಕಣಗಳಿರುತ್ತವೆ: ಹಿಂದಿನ ವರ್ಷದ ವಾಸ್ತವ ಖರ್ಚು, ನಡೆಯುತ್ತಿರುವ ವರ್ಷದ ಬಜೆಟ್ ಅಂದಾಜು, ಅದೇ ವರ್ಷದ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು. ಪತ್ರಿಕೆಗಳ ತಲೆಬರಹಕ್ಕೆ ಬರುವುದು ಕೊನೆಯದು. ನೀವು ಮೊದಲು ನೋಡಬೇಕಾದದ್ದು ನಡುವಿನ ಎರಡನ್ನು.

ಗ್ರಾಮೀಣ ಮನೆಗಳಿಗೆ ನಲ್ಲಿ ನೀರು ಕೊಡುವ ಜಲಜೀವನ ಮಿಷನ್ನನ್ನೇ ತೆಗೆದುಕೊಳ್ಳಿ. 2019ರ ಕೆಂಪುಕೋಟೆಯ ಭಾಷಣದಲ್ಲಿ ಪ್ರಧಾನಿಯವರು ಹೇಳಿದ್ದು ಮೂರೂವರೆ ಲಕ್ಷ ಕೋಟಿಗೂ ಹೆಚ್ಚು. ಸಚಿವ ಸಂಪುಟ ಒಪ್ಪಿದ್ದು 3.60 ಲಕ್ಷ ಕೋಟಿ, ಅದರಲ್ಲಿ ಕೇಂದ್ರದ ಪಾಲು 2.08 ಲಕ್ಷ ಕೋಟಿ. ಉಳಿದದ್ದನ್ನು ರಾಜ್ಯಗಳು ಹೊರಬೇಕು, ಕರ್ನಾಟಕದಂಥ ರಾಜ್ಯಗಳು ಅರ್ಧಕ್ಕರ್ಧ. ಕೆಲಸ ನಡೆದದ್ದೂ ನಿಜ: ಆರಂಭದಲ್ಲಿ ಗ್ರಾಮೀಣ ಮನೆಗಳಲ್ಲಿ ಸುಮಾರು ಶೇ 17ಕ್ಕೆ ಇದ್ದ ನಲ್ಲಿ ಸಂಪರ್ಕ 2025ರ ಆರಂಭದ ಹೊತ್ತಿಗೆ ಸರ್ಕಾರದ ಲೆಕ್ಕದಂತೆ ಶೇ 80ರ ಹತ್ತಿರ ಬಂದಿತ್ತು. ಆದರೆ 2024-25ರ ಸಾಲನ್ನು ಓದಿ. ಬಜೆಟ್ ಅಂದಾಜು 70,163 ಕೋಟಿ, ಪರಿಷ್ಕೃತ ಅಂದಾಜು 22,694 ಕೋಟಿ. ಅದರ ಪಕ್ಕದ ಅಂಕಣದಲ್ಲಿ 2025-26ಕ್ಕೆ 67,000 ಕೋಟಿ ಎಂದಿದೆ, ಮಿಷನ್ನಿನ ಅವಧಿಯನ್ನು 2028ಕ್ಕೆ ವಿಸ್ತರಿಸಿರುವುದಾಗಿ ಆ ವರ್ಷದ ಭಾಷಣ ತಿಳಿಸಿತು. ಪರಿಷ್ಕೃತ ಅಂದಾಜೂ ಅಂದಾಜೇ ಆದುದರಿಂದ, 67,000 ಕೋಟಿಯಲ್ಲಿ ಖರ್ಚಾದದ್ದೆಷ್ಟು ಎಂಬುದನ್ನು 2027-28ರ ಬಜೆಟ್ ಪುಸ್ತಕದ ಮೊದಲ ಅಂಕಣದಲ್ಲಿ ನೋಡಬೇಕು.