ಕಲಬುರಗಿಯಲ್ಲಿ ಕುಡಿತ ಬಿಡುವವರ ಗುಂಪಿಗೆ ಹೋದರೆ ಗುರುತಿನವರು ಸಿಗುತ್ತಾರಾ?

ಚಿತ್ತಾಪುರದಲ್ಲಿ ಸರ್ಕಾರಿ ನೌಕರಿ, ಸಂಜೆಯಾದರೆ ಕುಡಿಯದೆ ಇರಲಿಕ್ಕೆ ಆಗುತ್ತಿಲ್ಲ, ಕಲಬುರಗಿಯ ಗುಂಪಿಗೆ ಹೋಗುವ ಮನಸ್ಸಿದೆ, ಆದರೆ ಯಾರಾದರೂ ನೋಡಿದರೆ ಏನು ಗತಿ ಅಂತ ಕೇಳಿದ್ದೀರಿ. ನಾನೂ ಇದೇ ಜಿಲ್ಲೆಯವನು. ಕುಡಿತ ಬಿಟ್ಟು ಕೆಲವು ವರ್ಷ ಆದವು, ಈಗಲೂ ಎ.ಎ. ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರು ಗುರುತು ಹೊರಗೆ ಬಿಡದೆ ತಾವೇ ಸೇರುವ ಗುಂಪು, ಅದರ ಮೀಟಿಂಗಿಗೆ ಹೋಗುತ್ತೇನೆ.

ಗುಂಪಿನ ಮಾತಿಗಿಂತ ಮೊದಲು ಇದನ್ನು ಓದ್ರಿ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುತ್ತದಾ, ಒಂದು ಗುಟುಕು ಒಳಗೆ ಹೋದ ಮೇಲೆ ನಿಲ್ಲುತ್ತದಾ? ಹಾಗಿದ್ದರೆ ನಾಳೆಯಿಂದಲೇ ಬಂದ್ ಅಂತ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂಡಬೇಡಿ. ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು ಮೂರನೇ ದಿನ ಇಲ್ಲದ್ದು ಕಾಣಿಸಿ ಮೈಮೇಲೆ ಎಚ್ಚರ ತಪ್ಪಬಹುದು. ಜೀವಕ್ಕೇ ಅಪಾಯ. ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗಕ್ಕೆ ಹೋಗಿ ಎಷ್ಟು ಕುಡಿಯುತ್ತೀರಿ ಅಂತ ಇದ್ದದ್ದು ಇದ್ದಹಾಗೆ ಹೇಳಿ. ನಡುಕ ಇಳಿಸುವ ಗುಳಿಗೆಯನ್ನು ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾ ಕೊಡುತ್ತಾರೆ, ಜೊತೆಗೆ ಬಿ1 ವಿಟಮಿನ್. ಸೇಂದಿ ಕುಡಿಯುವ ರೂಢಿ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಬೇಕು. ತೆಲಂಗಾಣ ಗಡಿ ಕಡೆಯ ಸೇಂದಿಯಲ್ಲಿ ಬೆರೆಸುವ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್, ಒಮ್ಮೆಲೇ ನಿಂತರೂ ಇದೇ ಥರ ಫಿಟ್ಸ್ ತರುತ್ತದೆ. ಡಾಕ್ಟರಿಗೆ ಬರೀ ವಿಸ್ಕಿ ಅಂತ ಹೇಳಿ ಸುಮ್ಮನಾದರೆ ಚಿಕಿತ್ಸೆ ಅರ್ಧವಾಗುತ್ತದೆ.

ಇನ್ನೊಂದು. ನಿಮಗೆ ಗೊತ್ತಾಗದಂತೆ ಊಟದಲ್ಲಿ ಕಲೆಸುವ ಪುಡಿ ಅಂತ ಯಾರಾದರೂ ನಿಮ್ಮ ಮನೆಯವರಿಗೆ ಹೇಳಿದರೆ ದಯವಿಟ್ಟು ಬೇಡ ಅನ್ನಿ. ಅಂಥದ್ದರಲ್ಲಿ ಡೈಸಲ್ಫಿರಾಮ್, ಅಂದರೆ ಕುಡಿದರೆ ಮೈಗೆ ಆಗದಂತೆ ಮಾಡುವ ಔಷಧಿ, ಇರಬಹುದು; ಅದರ ಮೇಲೆ ಕುಡಿದರೆ ಬಿಪಿ ಕುಸಿದು ಜೀವವೇ ಹೋಗಬಹುದು. ಅದು ರೋಗಿಗೆ ತಿಳಿಸಿ, ಡಾಕ್ಟರ ನಿಗಾದಲ್ಲಿ ಕೊಡುವ ಔಷಧಿ.

ಈಗ ನಿಮ್ಮ ಹೆದರಿಕೆಗೆ ಬರುತ್ತೇನೆ. ಗುರುತಿನವರು ಸಿಗಬಹುದು. ಸಿಕ್ಕರೆ ಅವರೂ ಅದೇ ಕಾರಣಕ್ಕೆ ಬಂದಿರುತ್ತಾರೆ, ನಿಮ್ಮನ್ನು ಅಲ್ಲಿ ಕಂಡೆ ಅಂತ ಹೊರಗೆ ಹೇಳಿದರೆ ತಾನೂ ಅಲ್ಲಿದ್ದೆ ಅಂತ ಹೇಳಿದಂತೆ. ನಮ್ಮ ಕಡೆ ಯಾರೇ ಸಿಗಲಿ ಮೊದಲ ಪ್ರಶ್ನೆ ಯಾವೂರು, ಎರಡನೆಯದು ಅಡ್ಡಹೆಸರು, ಅದರಿಂದ ಯಾರ ಪೈಕಿ ಅಂತ ಲೆಕ್ಕ. ಆ ಕೋಣೆಯಲ್ಲಿ ಇದ್ಯಾವುದನ್ನೂ ಕೇಳುವುದಿಲ್ಲ. ಹೆಸರು ಹೇಳಿದರೆ ಸಾಕು, ಅದೂ ನಿಮ್ಮಿಷ್ಟ. ಹಾಜರಿ ಪುಸ್ತಕ ಇಲ್ಲ, ಫೀ ಇಲ್ಲ. ಕುಡಿತ ಬಿಡಬೇಕೆಂಬ ಆಸೆ ಇರಬೇಕು, ಅದೊಂದೇ ಷರತ್ತು.

ನಾವು ಸೇರುವುದು ಹತ್ತು ಹನ್ನೆರಡು ಪ್ಲಾಸ್ಟಿಕ್ ಕುರ್ಚಿಯ ಒಂದು ಕೋಣೆಯಲ್ಲಿ. ಚಾ ಇರುತ್ತದೆ. ಒಬ್ಬರು ಮೊದಲು ಸ್ವಲ್ಪ ಓದುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳುತ್ತಾರೆ. ಕನ್ನಡದಲ್ಲಿ ಶುರು ಮಾಡಿದವರು ಹೆಂಡತಿಯ ಮಾತು ಬಂದಾಗ ಹಿಂದಿಗೆ ಹೊರಳುತ್ತಾರೆ, ಯಾರಿಗೂ ಅಡ್ಡಿಯಿಲ್ಲ. ನಡುವೆ ಬಾಯಿ ಹಾಕುವುದು, ಬುದ್ಧಿ ಹೇಳುವುದು ಇಲ್ಲ. ಮೊದಲ ದಿನ ನೀವು ಮಾತಾಡಲೇಬೇಕೆಂದಿಲ್ಲ, ಕೈಮುಗಿದು "ಇವತ್ತು ಕೇಳ್ತೀನ್ರಿ" ಅಂದರೆ ಮುಂದಿನವರಿಗೆ ಹೋಗುತ್ತದೆ. ಕೊನೆಗೆ ಒಂದು ಡಬ್ಬಿ ತಿರುಗುತ್ತದೆ, ಚಾಕ್ಕೆ, ಕೋಣೆಯ ಖರ್ಚಿಗೆ ಹತ್ತು ಇಪ್ಪತ್ತು ಹಾಕುತ್ತಾರೆ. ಹೊರಗಿನವರ ದುಡ್ಡು ಎ.ಎ. ತೆಗೆದುಕೊಳ್ಳುವುದಿಲ್ಲ. ದೇವರ ಹೆಸರು ಬರುತ್ತದೆ, ಯಾವ ದೇವರು ಅನ್ನುವುದು ನಿಮಗೆ ಬಿಟ್ಟದ್ದು. ಶರಣಬಸವೇಶ್ವರರ ಭಕ್ತರೂ ಬಂದೇನವಾಜ್ ದರ್ಗಾಕ್ಕೆ ನಡೆದುಕೊಳ್ಳುವವರೂ ಅಲ್ಲಿ ಪಕ್ಕದಲ್ಲೇ ಕೂಡುತ್ತಾರೆ.

ಇದು ಕೆಲಸ ಮಾಡುವ ಬಗೆ ಹೀಗೆ. 1935ರಲ್ಲಿ ಅಮೆರಿಕದ ಏಕ್ರನ್ ಎಂಬ ಊರಿಗೆ ವ್ಯವಹಾರಕ್ಕೆ ಹೋಗಿದ್ದ ಬಿಲ್, ಕೆಲಸ ಕೆಟ್ಟು ಮತ್ತೆ ಕುಡಿಯುವ ಹಂಬಲ ಹತ್ತಿದಾಗ, ಬಾರಿಗೆ ಹೋಗುವ ಬದಲು ತನ್ನಂಥ ಇನ್ನೊಬ್ಬ ಕುಡುಕನನ್ನು ಹುಡುಕಿಸಿದರು. ಸಿಕ್ಕವರು ಡಾಕ್ಟರ್ ಬಾಬ್. ಇವರಿಬ್ಬರಿಂದಲೇ ಎ.ಎ. ಹುಟ್ಟಿತು. ಹೆಂಡತಿ, ಬಳಗ, ವೈದ್ಯರು ಹೇಳಿದ್ದು ನಾಟದ ಮನಸ್ಸಿಗೆ ಕುಡಿದು ಕೆಟ್ಟವನ ಮಾತು ನಾಟಿತು. ಭಾರತಕ್ಕೆ ಇದು 1957ರಲ್ಲಿ ಬಂತು. ನಾನೂ ಯಾರ ಉಪದೇಶಕ್ಕೂ ಬಗ್ಗಿದವನಲ್ಲ. ನನಗಿಂತ ಹಿರಿಯರೊಬ್ಬರು, ಮಗಳ ಮದುವೆಯ ದಿನ ತಾವು ಕುಡಿದು ಎಲ್ಲಿ ಬಿದ್ದಿದ್ದರು ಅಂತ ಮೀಟಿಂಗಿನಲ್ಲಿ ತಣ್ಣಗೆ ಹೇಳಿದಾಗ ಮೊದಲ ಸಲ ಕೇಳಿಸಿಕೊಂಡೆ.

ಗುಂಪು ಎಲ್ಲಿದೆ, ಯಾರಿಗೆ ಫೋನ್ ಮಾಡಬೇಕು ಅಂತ ಹುಡುಕುವುದಾದರೆ, ಮಾನಸಿಕ ಆರೋಗ್ಯದ ಟೆಲಿಮನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ವ್ಯಸನಮುಕ್ತಿಗೆಂದೇ 14446 ಇದೆ. ಎರಡೂ ಉಚಿತ. ಮನೋರೋಗ ವಿಭಾಗದ ಆಪ್ತಸಮಾಲೋಚಕರನ್ನೂ ಕೇಳಿ. ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರ ಇನ್ನೊಂದು ದಾರಿ: ಸಾಮಾನ್ಯವಾಗಿ 8 ದಿನ, ಆಮೇಲೆ ಶಿಬಿರದಲ್ಲಿ ಕುಡಿತ ಬಿಟ್ಟವರ ನವಜೀವನ ಸಮಿತಿ. ಅದರ ಮಾಹಿತಿಗೆ ಯೋಜನೆಯ ತಾಲೂಕು ಕಚೇರಿಗೆ ಹೋಗಿ. ಶಿಬಿರ ನಾಲ್ಕು ಜನರ ಎದುರು ನಡೆಯುವುದರಿಂದ, ನಿಮ್ಮ ಸಂಕೋಚ ನೋಡಿದರೆ ಎ.ಎ.ಯೇ ಮೊದಲು ಸರಿ ಅನ್ನಿಸುತ್ತದೆ.

ಹೊರಡುವ ಮುಂಚೆ ಗುಂಪಿನವರಿಗೆ ಫೋನ್ ಮಾಡಿ ವೇಳೆ ಖಾತ್ರಿ ಮಾಡಿಕೊಳ್ಳಿ, ಜಾಗ ಬದಲಾಗುವುದುಂಟು. ಹೆಂಡತಿ ಬರುತ್ತೇನೆ ಅಂದರೆ ಓಪನ್ ಮೀಟಿಂಗ್ ಯಾವಾಗ ಅಂತಲೂ ಕೇಳಿ, ಅದಕ್ಕೆ ಮನೆಯವರೂ ಬರಬಹುದು. ಮೊದಲ ಸಲ ಒಳಗೆ ಬರಲು ಹಿಂಜರಿಕೆಯಾದರೆ ಅದನ್ನೂ ಫೋನಿನಲ್ಲೇ ಹೇಳ್ರಿ, ಯಾರಾದರೊಬ್ಬರು ಹೊರಗೆ ಬಂದು ಕರೆದುಕೊಂಡು ಹೋಗುತ್ತಾರೆ.