ಅಳಿವೆಯ ಮೀನಿನ ಕುರಿತು ಬರೆದವರಿಗೆ

ನಮಸ್ಕಾರ. ಕೆಸರಿನ ಮೇಲೆ ತೆವಳಿ ನಡೆಯುವ ಮಡ್‌ಸ್ಕಿಪ್ಪರ್ ಮೀನಿನ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಸಾಧ್ಯವಿಲ್ಲ. ಹಾಗೆಂದು ಹಿಂದಿರುಗಿಸಿ ಸುಮ್ಮನಾಗಲು ನಿಮ್ಮ ನಾಲ್ಕನೆಯ ಪುಟ ಬಿಡುತ್ತಿಲ್ಲ.

ಕಾಸರಗೋಡಿನ ಶಿರಿಯ ಹೊಳೆಯ ಅಳಿವೆ, ಇಳಿತದ ಹೊತ್ತು, ಕಾಂಡ್ಲಾ ಗಿಡಗಳ (ಮ್ಯಾಂಗ್ರೋವ್) ಬೇರುಗಳ ನಡುವೆ ಕೆಸರು. ಮೀನು ಎರಡು ಈಜುರೆಕ್ಕೆಗಳನ್ನು ಊರಿ ಮೈಯನ್ನು ಮುಂದಕ್ಕೆಳೆಯುತ್ತದೆ, ನಿಲ್ಲುತ್ತದೆ, ಕಣ್ಣುಗಳನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ; ಅವು ಮತ್ತೆ ಮೇಲೆದ್ದಾಗ ಒದ್ದೆಯಾಗಿ ಹೊಳೆಯುತ್ತವೆ. ಇದು ನೀವು ಕಂಡದ್ದು. ಇದನ್ನು ಓದುವಾಗ ನಾನೂ ಉಸಿರು ಬಿಗಿಹಿಡಿದೆ. ಕಣ್ಣಿನ ಕೆಳಗಿರುವ ಗುಳಿಯಲ್ಲಿ ತೇವ ನಿಲ್ಲುತ್ತದೆ ಎಂಬ ಕಾರಣವನ್ನು ಅಲ್ಲಿಯೇ ಒಂದು ವಾಕ್ಯದಲ್ಲಿ ಹೇಳಿಬಿಡಿ.

ಮೊದಲ ಮೂರು ಪುಟಗಳನ್ನು ಕೈಬಿಡಿ. ಅವು ಎಲ್ಲೆಲ್ಲಿಂದಲೋ ಹೆಕ್ಕಿದವು, ತಪ್ಪುಗಳೂ ಇವೆ. ಈ ಮೀನಿಗೆ ಶ್ವಾಸಕೋಶವಿಲ್ಲ; ತೇವವಾದ ಚರ್ಮ, ಬಾಯಿ ಮತ್ತು ಗಂಟಲಿನ ಒಳಪದರಗಳ ಮೂಲಕ ಗಾಳಿಯಿಂದ ಆಮ್ಲಜನಕ ಪಡೆಯುತ್ತದೆ. ಅದು ನಮ್ಮ ಪೂರ್ವಜನೂ ಅಲ್ಲ. ನೀವು ಹೆಸರಿಸಿದ, ಮೀನಿಗೂ ನಾಲ್ಕು ಕಾಲಿನ ಪ್ರಾಣಿಗಳಿಗೂ ನಡುವಿನ ಲಕ್ಷಣಗಳಿದ್ದ ಟಿಕ್ಟಾಲಿಕ್ ಸುಮಾರು 37.5 ಕೋಟಿ ವರ್ಷಗಳ ಹಿಂದಿನ ಜೀವಿ, 2004ರಲ್ಲಿ ಕೆನಡಾದ ಉತ್ತರ ತುದಿಯ ದ್ವೀಪದಲ್ಲಿ ಸಿಕ್ಕಿದ ಪಳೆಯುಳಿಕೆ. ಮಡ್‌ಸ್ಕಿಪ್ಪರ್ ಗೋಬಿ ಮೀನುಗಳ ಬಳಗದ್ದು. ಬೇರೊಂದು ಕವಲಿನಿಂದ, ಬಹಳ ತಡವಾಗಿ, ತನ್ನದೇ ರೀತಿಯಲ್ಲಿ ದಡಕ್ಕೆ ಬಂದದ್ದು. ಅನಾಬಸ್ ಮೀನು ತೆಂಗಿನಮರ ಹತ್ತುತ್ತದೆ ಎಂದು ಬರೆದಿದ್ದೀರಿ. ತಮಿಳುನಾಡಿನ ಕರಾವಳಿಯ ತರಂಗಂಬಾಡಿಯಲ್ಲಿದ್ದ ಡೇನಿಶ್ ಅಧಿಕಾರಿ ಡಾಲ್ಡಾರ್ಫ್ ತಾಳೆಮರದ ಮೇಲೆ ಅದನ್ನು ಕಂಡೆನೆಂದು ಹೇಳಿದ ವರದಿ 1797ರಲ್ಲಿ ಅಚ್ಚಾಯಿತು. ಅಂದಿನಿಂದ ಆ ಮಾತು ಬಾಯಿಂದ ಬಾಯಿಗೆ ಸಾಗುತ್ತಿದೆ. ಕಿವಿರುಮುಚ್ಚಳದ ಮುಳ್ಳುಗಳನ್ನು ನೆಲಕ್ಕೆ ಊರಿ ಅದು ತೆವಳುವುದು ನಿಜ. ಅಷ್ಟನ್ನೇ ಬರೆಯಿರಿ, ಅಥವಾ ಬಿಟ್ಟುಬಿಡಿ.

ನನಗೆ ನಿಜವಾಗಿ ಬೇಸರವಾದದ್ದು ಬಿಲದ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದಕ್ಕೆ. ಲೇಖನದ ಜೀವ ಇರುವುದೇ ಅಲ್ಲಿ. ಕೆಸರಿನಾಳದ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ, ಮೊಟ್ಟೆಗಳು ಉಳಿಯುವಂತಿಲ್ಲ. ಅದಕ್ಕೆ ಗಂಡುಮೀನು ಮೇಲೆ ಬಂದು ಬಾಯಿತುಂಬ ಗಾಳಿ ತುಂಬಿಕೊಂಡು ಹೋಗಿ ಬಿಲದ ಕೋಣೆಯಲ್ಲಿ ಬಿಡುತ್ತದೆ. ಮೊಟ್ಟೆಗಳು ಆ ಕೋಣೆಯ ಛಾವಣಿಗೆ ಅಂಟಿಕೊಂಡು ಗಾಳಿಯಲ್ಲೇ ಬೆಳೆಯುತ್ತವೆ. ಮರಿಗಳು ಹೊರಬರುವ ಕಾಲಕ್ಕೆ ಅದೇ ಗಂಡು ಗಾಳಿಯನ್ನು ಬಾಯಿಯಲ್ಲೇ ಹೊರಕ್ಕೆ ಸಾಗಿಸುತ್ತದೆ, ನೀರು ಒಳನುಗ್ಗುತ್ತದೆ, ಮೊಟ್ಟೆಗಳು ಒಡೆಯುತ್ತವೆ. ಇದನ್ನು ಸಂಶೋಧಕರು ದಾಖಲಿಸಿದ್ದು ಜಪಾನಿನ ಕೆಸರುದಂಡೆಯಲ್ಲಿ, ಅಲ್ಲಿನ ಪ್ರಭೇದದಲ್ಲಿ. ಶಿರಿಯದಲ್ಲಿ ಕಂಡಂತೆ ಬರೆಯಬೇಡಿ.

ಕೊನೆಯ ಪುಟದಲ್ಲಿ ಕಾಸರಗೋಡಿನ ಕನ್ನಡಿಗರನ್ನು ‘ನೀರಿಗೂ ಸಲ್ಲದ, ನೆಲಕ್ಕೂ ಸಲ್ಲದ’ ಈ ಮೀನಿಗೆ ಹೋಲಿಸಿದ್ದೀರಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ನೋವು ನನ್ನದೂ ಹೌದು. ಚಂದ್ರಗಿರಿ ಹೊಳೆಯ ಉತ್ತರಭಾಗ ಕರ್ನಾಟಕಕ್ಕೆ ಸೇರಬೇಕೆಂದ, ಗಡಿ ವಿವಾದದ ಮಹಾಜನ ಆಯೋಗದ ವರದಿ ನಮ್ಮ ಮನೆಗಳಲ್ಲಿ ಇಂದಿಗೂ ಮಾತಿಗೆ ಬರುತ್ತದೆ. ಆದರೆ ಆ ಭಾರವನ್ನು ಮೀನಿನ ಮೇಲೆ ಹೊರಿಸಬೇಡಿ. ಕೆಸರೇ ಅದರ ಮನೆ. ಅಲ್ಲಿ ಅದು ಬೇಟೆಯಾಡುತ್ತದೆ, ಜಗಳವಾಡುತ್ತದೆ, ಬೆನ್ನುರೆಕ್ಕೆ ಬಿಚ್ಚಿ ಹೆಣ್ಣನ್ನು ಕರೆಯುತ್ತದೆ. ನಮ್ಮ ನೋವಿಗೆ ಬೇರೆ ಲೇಖನ ಬರೆಯಿರಿ, ಅದನ್ನೂ ಓದುತ್ತೇನೆ.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಹೆಚ್ಚು. ಆಗ ಮತ್ತೆ ಹೋಗಿ, ಅಲುಗಾಡದೆ ಕುಳಿತುಕೊಳ್ಳಿ. ಮರುವಾಯಿ (ಚಿಪ್ಪುಜೀವಿ) ಹೆಕ್ಕುವ ಹೆಂಗಸರನ್ನು ಮಾತನಾಡಿಸಿ, ಯಾವ ಬಿಲ ಯಾರದೆಂದು ಅವರಿಗೆ ಗೊತ್ತಿರುತ್ತದೆ. ನಾಲ್ಕನೆಯ ಪುಟದಿಂದಲೇ ಆರಂಭಿಸಿ ಒಂಬೈನೂರು ಪದಗಳೊಳಗೆ ಬರೆದು ಕಳುಹಿಸಿ.